ಕಲ್ಲಿನ ನೆಲಮಾಳಿಗೆಯ ಗೋಡೆಗಳ ಮೇಲಿನ ಖನಿಜ ಬೆಳವಣಿಗೆಗಳನ್ನು ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನೆಲಮಾಳಿಗೆಯ ಕಲ್ಲುಗೋಡೆಯ ಮೇಲೆ ಬಿಳಿಯ ಪುಡಿ, ಎಳೆ, ಹೆಪ್ಪು ಎಲ್ಲಿಂದ ಬರುತ್ತವೆ?

ನೆಲದೊಳಗಿನ ಗೋಡೆಯ ಒಂದು ಮುಖ ಸದಾ ಮಣ್ಣಿಗೆ ತಾಗಿರುತ್ತದೆ, ಇನ್ನೊಂದು ಮುಖ ಗಾಳಿಗೆ ತೆರೆದಿರುತ್ತದೆ. ಮಣ್ಣಿನ ತೇವವು ಕಲ್ಲಿನ ಸೂಕ್ಷ್ಮ ರಂಧ್ರಗಳ ಮೂಲಕ, ಅದಕ್ಕಿಂತ ಹೆಚ್ಚಾಗಿ ಕಲ್ಲುಗಳ ನಡುವಿನ ಗಾರೆಯ ಮೂಲಕ, ಒಳಮುಖದ ಕಡೆಗೆ ಸಾಗುತ್ತದೆ. ದಾರಿಯಲ್ಲಿ ಅದು ಮಣ್ಣಿನಲ್ಲಿರುವ, ಕಲ್ಲಿನಲ್ಲಿರುವ, ಸುಣ್ಣ ಅಥವಾ ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಒಳಮುಖವನ್ನು ತಲುಪಿದ ಮೇಲೆ ನೀರು ಆವಿಯಾಗುತ್ತದೆ, ಕರಗಿದ್ದ ಲವಣ ಅಲ್ಲಿಯೇ ಹರಳುಗಟ್ಟಿ ಉಳಿಯುತ್ತದೆ. ಗೋಡೆ ಉಪ್ಪು ಹೂತಿದೆ ಎಂದು ಜನ ಹೇಳುವುದು ಇದನ್ನೇ.

ಆದ್ದರಿಂದ ಗೋಡೆಯ ಮೇಲಿನ ಪ್ರತಿಯೊಂದು ಹರಳೂ ನೀರು ಬಂದ ದಾರಿಯ ಗುರುತು. ಯಾವ ಲವಣ ಎಂಬುದು ತಿಳಿದರೆ ನೀರು ಯಾವುದರ ಮೂಲಕ ಬಂತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ, ಮತ್ತು ಖನಿಜವನ್ನು ಗುರುತಿಸುವ ಶ್ರಮಕ್ಕೆ ನಿಜವಾದ ಫಲ ಸಿಗುವುದು ಅಲ್ಲಿಯೇ. ಬಣ್ಣವನ್ನು ಮಾತ್ರ ನೋಡಿ ಹೆಸರಿಡುವುದರಿಂದ ಆ ಫಲ ಸಿಗುವುದಿಲ್ಲ, ಏಕೆಂದರೆ ಇಲ್ಲಿ ಕಾಣಿಸುವ ಖನಿಜಗಳಲ್ಲಿ ಬಹುಪಾಲು ಬಿಳಿಯೇ.

ಅದು ಖನಿಜವೋ ಬೂಷ್ಟೋ ಎಂದು ಮೊದಲು ಹೇಗೆ ತಿಳಿಯುವುದು?

ಒಂದು ಹನಿ ನೀರು ಸಾಕು. ಬಿಳಿಯ ಎಳೆಗಳ ಮೇಲೆ ನೀರು ಬಿದ್ದೊಡನೆ ಅವು ಕರಗಿ ಕಾಣದಂತಾದರೆ ಅದು ಲವಣ. ಎಳೆಗಳು ಒದ್ದೆಯಾಗಿ ಗೋಡೆಗೆ ಅಂಟಿಕೊಂಡು ಹಾಗೆಯೇ ಉಳಿದರೆ ಅದು ಬೂಷ್ಟು ಇರಬಹುದು, ಇಲ್ಲವೇ ನೀರಿನಲ್ಲಿ ಕರಗದ ಖನಿಜವಿರಬಹುದು. ಆಗ ಕೈಗವಸು ಹಾಕಿಕೊಂಡು ಸ್ವಲ್ಪವನ್ನು ಬೆರಳುಗಳ ನಡುವೆ ಉಜ್ಜಿ ನೋಡಬೇಕು. ಖನಿಜ ಗರಗರನೆ ಪುಡಿಯಾಗುತ್ತದೆ, ಬೂಷ್ಟು ಮೆತ್ತಗೆ ಮೆತ್ತಿಕೊಳ್ಳುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹರಳಿನ ಎಳೆಗಳು ಗಾಜಿನಂತೆ ಹೊಳೆಯುತ್ತವೆ ಮತ್ತು ಕವಲೊಡೆಯದೆ ಬಿಡಿಬಿಡಿಯಾಗಿ ನಿಂತಿರುತ್ತವೆ. ಬೂಷ್ಟಿನ ಎಳೆಗಳು ಕವಲೊಡೆದು ಹೆಣೆದುಕೊಂಡಿರುತ್ತವೆ.

ಎಲ್ಲಿ ಬೆಳೆದಿದೆ ಎಂಬುದನ್ನೂ ನೋಡಬೇಕು. ಲವಣ ಹೂಬಿಡುವುದು ನೀರನ್ನು ಹೀರುವ ಕಲ್ಲು, ಗಾರೆ, ಇಟ್ಟಿಗೆ, ಗಿಲಾವುಗಳ ಮೇಲೆ ಮಾತ್ರ. ಅದೇ ಬೆಳವಣಿಗೆ ಪಕ್ಕದ ಮರದ ತೊಲೆ, ರಟ್ಟಿನ ಪೆಟ್ಟಿಗೆ, ಚರ್ಮದ ಚೀಲಗಳ ಮೇಲೂ ಹಬ್ಬಿದ್ದರೆ ಅದು ಬೂಷ್ಟು ಎಂದು ಹೆಚ್ಚು ಯೋಚಿಸದೆ ಹೇಳಬಹುದು. ಮುಗ್ಗಲು ವಾಸನೆ ಮಾತ್ರ ನಂಬತಕ್ಕ ಸಾಕ್ಷಿಯಲ್ಲ. ತೇವವಿರುವ ನೆಲಮಾಳಿಗೆಯಲ್ಲಿ ಲವಣವೂ ಬೂಷ್ಟೂ ಒಂದೇ ಗೋಡೆಯ ಮೇಲೆ ಜೊತೆಯಾಗಿ ಇರುವುದು ಅಪರೂಪವಲ್ಲ.

ಮೋಸಗೊಳಿಸುವ ಇನ್ನೆರಡು ಜೀವಿಗಳಿವೆ. ಗೋಡೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿಳಿ ಅಥವಾ ಹಳದಿ ಬಣ್ಣದಲ್ಲಿ ಹರಡುವ ಆಕ್ಟಿನೋಮೈಸೀಟ್ ಎಂಬ ಬ್ಯಾಕ್ಟೀರಿಯಾ ಸಮೂಹಗಳ ಮೇಲೆ ಮಂಜಿನ ಹನಿಗಳು ಗುಂಡಗೆ ನಿಂತು ಬೆಳಕಿಗೆ ಮಿನುಗುವುದರಿಂದ ಅವು ಹರಳುಗಳೆಂದೇ ತೋರುತ್ತವೆ. ದ್ರಾಕ್ಷಾರಸ ಮಾಗಿಸುವ ಹಳೆಯ ನೆಲಮಾಳಿಗೆಗಳಲ್ಲಿ ಕಪ್ಪಗೆ, ದಪ್ಪನಾಗಿ ಗೋಡೆಯನ್ನು ಮುಚ್ಚುವ ಮೆತ್ತನೆಯ ಪದರವು ಜಾಸ್ಮಿಡಿಯಮ್ ಸೆಲ್ಲೇರ್ ಎಂಬ ಶಿಲೀಂಧ್ರ. ಅದು ಪೀಪಾಯಿಗಳಿಂದ ಹೊರಬರುವ ಮದ್ಯಸಾರದ ಆವಿಯನ್ನು ಆಹಾರವಾಗಿ ಬಳಸಿಕೊಳ್ಳುತ್ತದೆ.

ಖನಿಜವೆಂದು ಖಚಿತವಾದ ಮೇಲೆ ಯಾವ ಕ್ರಮದಲ್ಲಿ ಪರೀಕ್ಷಿಸಬೇಕು?

ಮೊದಲು ನೀರು, ಆಮೇಲೆ ಆಮ್ಲ. ಈ ಕ್ರಮವನ್ನು ತಿರುಗಿಸಿದರೆ ಫಲಿತಾಂಶ ಗೊಂದಲವಾಗುತ್ತದೆ.

ಮೃದುವಾದ ಒಣ ಕುಂಚದಿಂದ ಬೆಳವಣಿಗೆಯನ್ನು ಮಾತ್ರ ಒಂದು ಕಾಗದದ ಮೇಲೆ ಉದುರಿಸಿಕೊಳ್ಳಿ. ಚಾಕುವಿನಿಂದ ಕೆರೆದರೆ ಗೋಡೆಯ ಗಾರೆಯ ಪುಡಿಯೂ ಬೆರೆಯುತ್ತದೆ, ಆ ಗಾರೆಯಲ್ಲಿರುವ ಸುಣ್ಣವೇ ಆಮ್ಲಕ್ಕೆ ನೊರೆಯುಕ್ಕಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಒಂದು ಚಿಟಿಕೆಯನ್ನು ಪಾರದರ್ಶಕ ಲೋಟದಲ್ಲಿ ಬಟ್ಟಿ ಇಳಿಸಿದ ನೀರಿಗೆ ಹಾಕಿ ಕಲಕಬೇಕು. ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳ ಲವಣಗಳು ಬೇಗನೆ ಕರಗುತ್ತವೆ. ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಒಂದು ಲೀಟರ್ ನೀರಿನಲ್ಲಿ ಸುಮಾರು 2ರಿಂದ 2.5 ಗ್ರಾಂ ಮಾತ್ರ ಕರಗುವುದರಿಂದ ತಳದಲ್ಲಿ ಬಹುಕಾಲ ಉಳಿಯುತ್ತದೆ. ಹೋಲಿಕೆಗೆ ಹೇಳುವುದಾದರೆ ಸಾಮಾನ್ಯ ಉಪ್ಪು ಅಷ್ಟೇ ನೀರಿನಲ್ಲಿ 360 ಗ್ರಾಂನಷ್ಟು ಕರಗುತ್ತದೆ. ಕ್ಯಾಲ್ಸೈಟ್ ಕರಗಿತೆಂದು ಕಣ್ಣಿಗೆ ತಿಳಿಯುವುದೇ ಇಲ್ಲ.

ಕರಗದೆ ಉಳಿದ ಭಾಗದ ಮೇಲೆ ಬಿಳಿ ವಿನೆಗರ್ ಹಾಕಿದಾಗ ಗುಳ್ಳೆಗಳು ಎದ್ದರೆ ಅದು ಕ್ಯಾಲ್ಸೈಟ್, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಗುಳ್ಳೆಗಳು ಸಣ್ಣದಾಗಿ, ನಿಧಾನವಾಗಿ ಏಳಬಹುದು. ಭೂತಗನ್ನಡಿಯಲ್ಲಿ ಒಂದೆರಡು ನಿಮಿಷ ನೋಡದೆ ಇಲ್ಲವೆಂದು ತೀರ್ಮಾನಿಸಬಾರದು. ಗುಳ್ಳೆ ಏಳದೆ, ಬೆರಳಿನ ಉಗುರಿನಿಂದ ಗೀರು ಬೀಳುವಷ್ಟು ಮೃದುವಾಗಿದ್ದರೆ ಅದು ಬಹುತೇಕ ಜಿಪ್ಸಮ್. ಮೋಸ್ ಮಾಪಕದಲ್ಲಿ ಜಿಪ್ಸಮ್‌ನ ಗಡಸುತನ 2, ಉಗುರಿನದು ಸುಮಾರು 2.5, ಕ್ಯಾಲ್ಸೈಟಿನದು 3.

ನೀರಿನಲ್ಲಿ ಬೇಗನೆ ಕರಗಿಯೂ ಆಮ್ಲಕ್ಕೆ ನೊರೆಯುಕ್ಕಿಸುವ ಒಂದು ಗುಂಪಿದೆ. ಅವು ಟ್ರೋನಾ, ಥರ್ಮೋನೇಟ್ರೈಟ್ ಮೊದಲಾದ ಸೋಡಿಯಂ ಕಾರ್ಬೊನೇಟುಗಳು. ಅವುಗಳ ದ್ರಾವಣ ಕ್ಷಾರೀಯವಾದ್ದರಿಂದ ಕೆಂಪು ಲಿಟ್ಮಸ್ ಕಾಗದ ನೀಲಿಯಾಗುತ್ತದೆ, ಅರಿಶಿನದ ಕಾಗದ ಕೆಂಪುಕಂದಾಗುತ್ತದೆ. ಹಳೆಯ ಕಲ್ಲುಗೋಡೆಯಲ್ಲಿ ಇವು ಕಂಡರೆ ಇತ್ತೀಚೆಗೆ ಯಾರೋ ಸಿಮೆಂಟಿನಿಂದ ಸಂದು ತುಂಬಿದ್ದಾರೆ, ಇಲ್ಲವೇ ಕ್ಷಾರೀಯ ತೊಳೆಪುಡಿ ಬಳಸಿದ್ದಾರೆ ಎಂದು ಶಂಕಿಸುವುದು ಸರಿ.

ಬೆಳವಣಿಗೆಯ ಆಕಾರ ಏನನ್ನು ಹೇಳುತ್ತದೆ?

ಖನಿಜದ ಹೆಸರಿಗಿಂತ ಹೆಚ್ಚಾಗಿ ಗೋಡೆಯ ತೇವದ ಸ್ಥಿತಿಯನ್ನು ಹೇಳುತ್ತದೆ. ಒಂದೇ ಲವಣ ಬೇರೆ ಬೇರೆ ತೇವದಲ್ಲಿ ಬೇರೆ ಬೇರೆ ರೂಪ ತಾಳುತ್ತದೆ ಎಂಬುದನ್ನು ಮರೆತವರು ಎಳೆಯಾಗಿದ್ದರೆ ಇಂಥದ್ದು, ಹೆಪ್ಪಾಗಿದ್ದರೆ ಅಂಥದ್ದು ಎಂದು ಪಟ್ಟಿ ಮಾಡಿಬಿಡುತ್ತಾರೆ. ಗೋಡೆಯ ಮುಖ ತುಂಬಾ ಒದ್ದೆಯಾಗಿದ್ದು ಅದರ ಮೇಲೆ ದ್ರಾವಣದ ತೆಳುಪದರ ನಿಂತಿರುವಾಗ ಹರಳುಗಳು ಆ ಪದರದೊಳಗೆ ಎಲ್ಲ ದಿಕ್ಕಿಗೂ ಬೆಳೆದು ಒಂದಕ್ಕೊಂದು ಬೆಸೆದು ಗಟ್ಟಿ ಹೆಪ್ಪಾಗುತ್ತವೆ. ಮುಖ ಒಣಗುತ್ತಾ ಬಂದು ತೇವ ರಂಧ್ರಗಳ ಬಾಯಿಯಲ್ಲಿ ಮಾತ್ರ ಉಳಿದಾಗ ಹರಳಿಗೆ ಆಹಾರ ಬುಡದಿಂದ ಮಾತ್ರ ದೊರೆಯುತ್ತದೆ. ಆಗ ಹೊಸ ಪದಾರ್ಥ ಬುಡದಲ್ಲಿ ಸೇರಿ, ಹಳೆಯ ತುದಿಯನ್ನು ಹೊರಗೆ ತಳ್ಳುತ್ತಾ, ಹರಳು ಕೂದಲೆಳೆಯಾಗಿ ಬೆಳೆಯುತ್ತದೆ. ಸೆಂಟಿಮೀಟರುಗಟ್ಟಲೆ ಉದ್ದದ ಬಿಳಿಯ ರೋಮಗಳು ಗೋಡೆಯಿಂದ ಹೊರಚಾಚಿ, ಕೆಲವೊಮ್ಮೆ ಸುರುಳಿಯಾಗಿ ಬಾಗಿ ನಿಲ್ಲುವುದು ಹೀಗೆ.

ಹಾಗಾಗಿ ಗಟ್ಟಿ ಹೆಪ್ಪು ಕಂಡರೆ ಅಲ್ಲಿ ನೀರು ಧಾರಾಳವಾಗಿ ಬರುತ್ತಿದೆ ಅಥವಾ ಬರುತ್ತಿತ್ತು ಎಂದು ತಿಳಿಯಬೇಕು. ಎಳೆಗಳು ಕಂಡರೆ ಗೋಡೆ ಒಣಗುತ್ತಿದೆ ಎಂದರ್ಥ.

ಗೋಡೆಯ ಯಾವ ಎತ್ತರದಲ್ಲಿದೆ ಎಂಬುದಕ್ಕೆ ಮಹತ್ವವಿದೆಯೇ?

ಬಹಳವಿದೆ. ಬುಡದಿಂದ ಲೋಮನಾಳ ಕ್ರಿಯೆಯಿಂದ, ಅಂದರೆ ಸೂಕ್ಷ್ಮ ರಂಧ್ರಗಳ ಸೆಳೆತದಿಂದ, ಮೇಲೇರುವ ನೀರು ಏರಿದಂತೆಲ್ಲ ಆವಿಯಾಗಿ ಸಾಂದ್ರವಾಗುತ್ತದೆ. ಕಡಿಮೆ ಕರಗುವ ಕಾರ್ಬೊನೇಟು, ಸಲ್ಫೇಟುಗಳು ಮೊದಲು, ಅಂದರೆ ಕೆಳಭಾಗದಲ್ಲಿ, ಹರಳುಗಟ್ಟುತ್ತವೆ. ಹೆಚ್ಚು ಕರಗುವ ನೈಟ್ರೇಟು, ಕ್ಲೋರೈಡುಗಳು ಕೊನೆಯವರೆಗೂ ನೀರಿನಲ್ಲಿಯೇ ಉಳಿದು ತೇವದ ಮೇಲಂಚನ್ನು ತಲುಪುತ್ತವೆ. ಗೋಡೆಯುದ್ದಕ್ಕೂ ಅಡ್ಡಪಟ್ಟಿಯಾಗಿ ಕಾಣುವ ಬೆಳವಣಿಗೆ ಇದ್ದರೆ ಕೆಳಗಿನಿಂದಲೂ ಮೇಲಿನಿಂದಲೂ ಪ್ರತ್ಯೇಕ ಮಾದರಿಗಳನ್ನು ತೆಗೆದು ಪರೀಕ್ಷಿಸಬೇಕು.

ಬೆಳವಣಿಗೆ ಪಟ್ಟಿಯಾಗಿರದೆ ಒಂದು ಬಿಂದುವಿನಿಂದ ಬೀಸಣಿಗೆಯಂತೆ ಹರಡಿದ್ದರೆ ಅದು ಏರುವ ತೇವವಲ್ಲ. ಹಿಂಬದಿಯ ಕೊಳವೆ, ಚರಂಡಿ ಅಥವಾ ಬಿರುಕನ್ನು ಹುಡುಕಬೇಕು.

ಇದು ಪೆಟ್ಲುಪ್ಪೇ ಎಂದು ಹೇಗೆ ಹೇಳುವುದು?

ನೆಲಮಾಳಿಗೆಯ ಗೋಡೆಯಲ್ಲಿ ಬಿಳಿಯ ಎಳೆ ಕಂಡರೆ ಅನೇಕರು ಮೊದಲು ಹೇಳುವ ಹೆಸರು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟು. ಅದು ನಿಜವಾಗಿರುವ ಸಂದರ್ಭಗಳು ಉಂಟು, ಆದರೆ ನೈಟ್ರೇಟು ಇರಬೇಕಾದರೆ ಸಾರಜನಕ ಎಲ್ಲಿಂದಾದರೂ ಬಂದಿರಬೇಕು. ಹಿಂದೆ ಕೊಟ್ಟಿಗೆ, ಲಾಯ ಅಥವಾ ಕಕ್ಕಸು ಗುಂಡಿ ಇದ್ದ ಜಾಗದ ಗೋಡೆಗಳಲ್ಲಿ, ಗೊಬ್ಬರ ಕೊಳೆಸಿದ ಮಣ್ಣಿಗೆ ತಾಗಿರುವ ಗೋಡೆಗಳಲ್ಲಿ, ಒಡೆದ ಶೌಚ ಕೊಳವೆಯ ಪಕ್ಕದಲ್ಲಿ, ಕೆಲವೊಮ್ಮೆ ಹಳೆಯ ಸಮಾಧಿ ಭೂಮಿಯ ಬಳಿ ಅದು ಸಹಜ. ಮೂತ್ರದ ಯೂರಿಯಾ ಅಮೋನಿಯಾ ಆಗುತ್ತದೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿ, ಅನಂತರ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಇದು ಜೀವಿಗಳ ಕೆಲಸವೆಂದು ಫ್ರಾನ್ಸಿನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ 1877ರಲ್ಲಿ ತೋರಿಸಿದರು. ಅದಕ್ಕೂ ಮೊದಲು ಶತಮಾನಗಳ ಕಾಲ ಯುರೋಪಿನ ರಾಜ್ಯಗಳು ಮದ್ದಿನಪುಡಿಗಾಗಿ ಕೊಟ್ಟಿಗೆ ಮತ್ತು ನೆಲಮಾಳಿಗೆಗಳ ಮಣ್ಣನ್ನು ಅಗೆಸಿ, ಗೋಡೆಗಳನ್ನು ಕೆರೆಸಿ ಪೆಟ್ಲುಪ್ಪು ತೆಗೆಸುತ್ತಿದ್ದವು. ಫ್ರಾನ್ಸಿನ ಕ್ರಾಂತಿ ಸರ್ಕಾರವು 1793-94ರಲ್ಲಿ ನಾಗರಿಕರೇ ತಮ್ಮ ನೆಲಮಾಳಿಗೆಗಳ ಮಣ್ಣನ್ನು ತೊಳೆದು ಅದನ್ನು ತೆಗೆಯಬೇಕೆಂದು ಕರೆಕೊಟ್ಟಿತ್ತು. ಗೋಡೆಗಳಲ್ಲಿ ಎಷ್ಟು ನೈಟ್ರೇಟು ಸೇರಿರಬಹುದು ಎಂಬುದಕ್ಕೆ ಆ ಇತಿಹಾಸವೇ ಸಾಕ್ಷಿ.

ಗುರುತಿಸಲು ಸುಲಭವಾದ ಮಾರ್ಗವೆಂದರೆ ನೀರಿನ ಪರೀಕ್ಷೆಗೆ ಅಥವಾ ಮೀನಿನ ತೊಟ್ಟಿಗೆ ಬಳಸುವ ನೈಟ್ರೇಟ್ ಪಟ್ಟಿ. ಮಾದರಿಯ ದ್ರಾವಣದಲ್ಲಿ ಅದ್ದಿದಾಗ ಬಣ್ಣ ಗಾಢವಾಗಿ ತಿರುಗಿದರೆ ನೈಟ್ರೇಟು ಇದೆ. ಉರಿಯುವ ಇದ್ದಿಲಿನ ಮೇಲೆ ಹಾಕಿದರೆ ಚಟಚಟನೆ ಹೊತ್ತಿ ಉರಿಯುತ್ತದೆ ಎಂಬ ಹಳೆಯ ಪರೀಕ್ಷೆ ಸರಿಯಾದದ್ದೇ, ಆದರೂ ಗಾಳಿಯಾಡದ ನೆಲಮಾಳಿಗೆಯಲ್ಲಿ ಅದನ್ನು ಮಾಡಬಾರದು.

ಹರಳೇ ಕಾಣದೆ ಗೋಡೆಯಲ್ಲಿ ಕಪ್ಪಾದ ತೇವದ ಕಲೆಗಳು ಮಾತ್ರ ಇದ್ದರೆ?

ಅದೂ ಲವಣದ್ದೇ ಕೆಲಸವಾಗಿರಬಹುದು. ಪ್ರತಿಯೊಂದು ಲವಣಕ್ಕೂ ಗಾಳಿಯ ತೇವವನ್ನು ಹೀರಿ ತಾನೇ ಕರಗಿಬಿಡುವ ಒಂದು ಮಿತಿ ಇದೆ. ಸಾಮಾನ್ಯ ಉಪ್ಪಿಗೆ ಅದು ಸುಮಾರು ಶೇ. 75 ಸಾಪೇಕ್ಷ ಆರ್ದ್ರತೆ. ಪೊಟ್ಯಾಸಿಯಂ ನೈಟ್ರೇಟಿಗೆ ಶೇ. 90ಕ್ಕೂ ಮೇಲೆ. ಕ್ಯಾಲ್ಸಿಯಂ ನೈಟ್ರೇಟಿಗೆ ಶೇ. 50ನ್ನು ತುಸು ದಾಟಿದರೆ ಸಾಕು. ಸುಣ್ಣದ ಗಾರೆಯ ಗೋಡೆಯಲ್ಲಿ ನೈಟ್ರೇಟು ಕ್ಯಾಲ್ಸಿಯಂ ಜೊತೆ ಸೇರುವುದು ಸಹಜ, ಮತ್ತು ನೆಲಮಾಳಿಗೆಯ ಗಾಳಿ ಶೇ. 50ಕ್ಕಿಂತ ಒಣಗುವುದು ವಿರಳ. ಹೀಗಾಗಿ ಈ ಲವಣ ಹರಳಾಗಿ ಕಾಣಿಸಿಕೊಳ್ಳುವುದೇ ಕಡಿಮೆ. ಅದು ವರ್ಷವಿಡೀ ಒದ್ದೆಯಾದ, ಅಂಟಂಟಾದ ಕಲೆಯಾಗಿ ಉಳಿಯುತ್ತದೆ. ಸೋರಿಕೆ ಎಲ್ಲಿಯೂ ಸಿಗದಿದ್ದರೂ ಹೋಗದ ಕಲೆಗೆ ಇದೇ ಕಾರಣವಾಗಿರುವುದುಂಟು. ಕಲೆಯ ಗಿಲಾವಿನ ಚೂರೊಂದನ್ನು ನೀರಿನಲ್ಲಿ ನೆನೆಸಿ ಆ ನೀರನ್ನು ನೈಟ್ರೇಟ್ ಮತ್ತು ಕ್ಲೋರೈಡ್ ಪಟ್ಟಿಗಳಿಂದ ಪರೀಕ್ಷಿಸಿ.

ಒಂದು ಋತುವಿನಲ್ಲಿ ಬಂದು ಇನ್ನೊಂದರಲ್ಲಿ ಮಾಯವಾಗುವುದು ಏಕೆ? ಅದರಿಂದ ಹಾನಿಯಿದೆಯೇ?

ಮೇಲೆ ಹೇಳಿದ ಮಿತಿಯೇ ಕಾರಣ. ಗಾಳಿ ಒಣಗಿದಾಗ ಹರಳು ಹೊರಬರುತ್ತದೆ, ಗಾಳಿ ಒದ್ದೆಯಾದಾಗ ಕರಗಿ ಕಲ್ಲಿನೊಳಗೆ ಮರಳುತ್ತದೆ. ಈ ಆವರ್ತನೆಯೇ ಕಲ್ಲನ್ನು ಸವೆಸುತ್ತದೆ.

ಸೋಡಿಯಂ ಸಲ್ಫೇಟಿನ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು, ಏಕೆಂದರೆ ಕಲ್ಲಿಗೆ ಇದಕ್ಕಿಂತ ಕೇಡು ಮಾಡುವ ಸಾಮಾನ್ಯ ಲವಣ ಇನ್ನೊಂದಿಲ್ಲ ಎಂದೇ ಹೇಳಬಹುದು. ಇದು ನೀರಿಲ್ಲದ ಥೆನಾರ್ಡೈಟ್ ಮತ್ತು ಒಂದು ಘಟಕಕ್ಕೆ ಹತ್ತು ನೀರಿನ ಅಣುಗಳನ್ನು ಹಿಡಿದಿರುವ ಮಿರಾಬಿಲೈಟ್ ಎಂಬ ಎರಡು ಮುಖ್ಯ ರೂಪಗಳಲ್ಲಿ ಇರುತ್ತದೆ. ಎರಡನೆಯದರ ಗಾತ್ರ ಮೊದಲನೆಯದರ ಸುಮಾರು ನಾಲ್ಕು ಪಟ್ಟು. 32.4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಅಂದರೆ ಬಹುತೇಕ ಎಲ್ಲ ನೆಲಮಾಳಿಗೆಗಳ ತಾಪಮಾನದಲ್ಲಿ, ಗಾಳಿಯ ತೇವ ಏರಿಳಿದಂತೆ ಒಂದು ರೂಪ ಹೋಗಿ ಇನ್ನೊಂದು ಬರಬಲ್ಲದು. ಒಣ ಥೆನಾರ್ಡೈಟಿನ ಮೇಲೆ ನೀರು ಬಿದ್ದಾಗ ಅದು ಕರಗಿ, ಮಿರಾಬಿಲೈಟಿನ ಮಟ್ಟಿಗೆ ಅತಿಸಾಂದ್ರವಾದ ದ್ರಾವಣವಾಗಿ, ರಂಧ್ರಗಳೊಳಗೆ ಒಮ್ಮೆಲೇ ಹರಳುಗಟ್ಟಿ ಅವುಗಳ ಒಳಬದಿಗಳನ್ನು ಒತ್ತುತ್ತದೆ. ಮರಳುಗಲ್ಲಿನ ಮುಖ ಪುಡಿಪುಡಿಯಾಗಿ ಉದುರುತ್ತಿದ್ದು, ಆ ಪುಡಿಯಲ್ಲಿ ನೀರಿಗೆ ಕರಗುವ ಬಿಳಿಯ ಹಿಟ್ಟು ಬೆರೆತಿದ್ದರೆ ಈ ಲವಣವನ್ನು ಮೊದಲು ಶಂಕಿಸಬೇಕು. ಹೊಸದಾಗಿ ಬಂದಾಗ ಗಾಜಿನಂತೆ ಪಾರದರ್ಶಕವಾಗಿದ್ದ ಹರಳು, ಬಿಸಿಯಾದ ಒಣ ಕೋಣೆಗೆ ತಂದೊಡನೆ ಬಿಳಿ ಹಿಟ್ಟಾಗಿ ಕುಸಿದರೆ ಅದು ಮಿರಾಬಿಲೈಟ್ ಎಂಬುದಕ್ಕೆ ಒಳ್ಳೆಯ ಸೂಚನೆ.

ಮೆಗ್ನೀಸಿಯಂ ಸಲ್ಫೇಟ್, ಅಂದರೆ ಎಪ್ಸಮೈಟ್, ಇದೇ ರೀತಿ ವರ್ತಿಸುತ್ತದೆ. ಮೆಗ್ನೀಸಿಯಂ ಹೆಚ್ಚಿರುವ ಡಾಲಮೈಟ್ ಕಲ್ಲು ಅಥವಾ ಡಾಲಮೈಟ್ ಸುಣ್ಣದ ಗಾರೆ ಇರುವಲ್ಲಿ ಅದನ್ನು ನಿರೀಕ್ಷಿಸಬೇಕು.

ಚಾವಣಿಯಿಂದ ಬಿಳಿಯ ಕೊಳವೆಗಳು ತೂಗುತ್ತಿವೆ. ಗುಹೆಗಳಲ್ಲಿ ಕಾಣುವವೇ ಇವು?

ಖನಿಜ ಒಂದೇ, ಕ್ಯಾಲ್ಸೈಟ್. ಹುಟ್ಟುವ ಬಗೆ ಬಹಳ ಸಲ ಬೇರೆ. ಗುಹೆಯಲ್ಲಿ ಇಂಗಾಲದ ಡೈಆಕ್ಸೈಡ್ ಬೆರೆತ ನೀರು ಸುಣ್ಣದ ಕಲ್ಲನ್ನು ಕರಗಿಸಿ ತಂದು, ಹನಿಯುವಾಗ ಆ ಅನಿಲವನ್ನು ಗಾಳಿಗೆ ಬಿಟ್ಟು ಕ್ಯಾಲ್ಸೈಟನ್ನು ಉಳಿಸುತ್ತದೆ. ಕಮಾನು ಚಾವಣಿಯ ಸುಣ್ಣ ಅಥವಾ ಕಾಂಕ್ರೀಟಿನ ಮೂಲಕ ಸೋರುವ ನೀರು ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ತರುತ್ತದೆ, ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಪಡೆದುಕೊಂಡು ಕ್ಯಾಲ್ಸೈಟಾಗುತ್ತದೆ. ಕಟ್ಟಡಗಳಲ್ಲಿ ಹುಟ್ಟುವ ಈ ರಚನೆಗಳನ್ನು ಕ್ಯಾಲ್ಥೆಮೈಟ್ ಎನ್ನುತ್ತಾರೆ. ಇವು ಗುಹೆಯವುಗಳಿಗಿಂತ ನೂರಾರು ಪಟ್ಟು ವೇಗವಾಗಿ ಬೆಳೆಯಬಲ್ಲವಾದ್ದರಿಂದ ಉದ್ದವನ್ನು ನೋಡಿ ವಯಸ್ಸನ್ನು ಅಂದಾಜಿಸುವುದು ವ್ಯರ್ಥ. ಟೊಳ್ಳು ಕೊಳವೆಯ ತುದಿಯ ಹನಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕೆಳಗೆ ನಿಂತು ಮೇಲೆ ನೋಡುವಾಗ ಕಣ್ಣಿಗೆ ಕನ್ನಡಕ ಇರಬೇಕು. ಆ ನೀರಿನ ಪಿಎಚ್ 12ನ್ನು ಮೀರಿರಬಹುದು, ಅದು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ.

ಬಣ್ಣದ ಬೆಳವಣಿಗೆಗಳು ಯಾವುವು?

ತುಕ್ಕಿನ ಕೆಂಪು ಅಥವಾ ಕಿತ್ತಳೆ ಬಣ್ಣದ ಪದರ ಕಬ್ಬಿಣದ ಆಕ್ಸೈಡು. ಅದು ಲೋಳೆಯಾಗಿದ್ದರೆ ಕಬ್ಬಿಣವನ್ನು ಬಳಸುವ ಬ್ಯಾಕ್ಟೀರಿಯಾಗಳು ಜೊತೆಗಿವೆ. ಕಪ್ಪು ತೆಳುಪದರ ಮ್ಯಾಂಗನೀಸ್ ಆಕ್ಸೈಡು ಆಗಿರಬಹುದು. ಕಲ್ಲಿನಲ್ಲಿಯೇ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜ ಇದ್ದರೆ ಅದು ಗಾಳಿ ಮತ್ತು ನೀರಿಗೆ ಒಡ್ಡಿಕೊಂಡು ಗಂಧಕಾಮ್ಲವನ್ನೂ ಹಳದಿ ಅಥವಾ ತಿಳಿಹಸಿರು ಬಣ್ಣದ ಕಬ್ಬಿಣದ ಸಲ್ಫೇಟುಗಳನ್ನೂ ಕೊಡುತ್ತದೆ. ನೀಲಿ ಲಿಟ್ಮಸ್ ಕೆಂಪಾದರೆ ಇದನ್ನು ಗಂಭೀರವಾಗಿ ಪರಿಗಣಿಸಬೇಕು, ಏಕೆಂದರೆ ಆ ಆಮ್ಲ ಸುಣ್ಣದ ಗಾರೆಯನ್ನು ತಿನ್ನುತ್ತದೆ. ಹಸಿರು ಬಹುತೇಕ ಪಾಚಿಯೇ, ಅದೂ ದೀಪ ಅಥವಾ ಕಿಟಕಿಯ ಬೆಳಕು ಬೀಳುವಲ್ಲಿ. ತಾಮ್ರದ ಕೊಳವೆಯ ಕೆಳಗೆ ಮಾತ್ರ ಹಸಿರು ಖನಿಜವನ್ನು ಊಹಿಸಬಹುದು.

ರುಚಿ ನೋಡಿ ಗುರುತಿಸಬಹುದೇ?

ಬೇಡ. ಉಪ್ಪು, ಕಹಿ, ತಂಪು ಎಂಬ ಹಳೆಯ ಗುರುತುಗಳು ಸುಳ್ಳಲ್ಲ, ಆದರೆ ನೆಲಮಾಳಿಗೆಯ ಗೋಡೆಯಲ್ಲಿ ಚರಂಡಿಯ ನೀರು, ಇಲಿಯ ಮೂತ್ರ, ಹಳೆಯ ಕೀಟನಾಶಕ, ಸೀಸದ ಬಣ್ಣ ಏನೇನು ಸೇರಿದೆಯೋ ತಿಳಿಯದು.

ಮುಟ್ಟಲೇಬಾರದ ಬಿಳಿ ಪದಾರ್ಥ ಯಾವುದಾದರೂ ಇದೆಯೇ?

ಇದೆ, ಕಲ್ನಾರು. ಹಳೆಯ ಬಿಸಿನೀರಿನ ಕೊಳವೆಗಳ, ಕುದಿಪಾತ್ರೆಗಳ ಸುತ್ತಲಿನ ಬಿಳಿ ಅಥವಾ ಬೂದು ನಾರಿನ ಹೊದಿಕೆ ಸಡಿಲವಾಗಿ ಪಕ್ಕದ ಗೋಡೆಗೆ ಅಂಟಿಕೊಂಡಿದ್ದರೆ ಲವಣದ ಎಳೆಯೆಂದೇ ಕಾಣುತ್ತದೆ. ಹಾಗೆ ಅನುಮಾನ ಬಂದಲ್ಲಿ ಉಜ್ಜುವುದು, ಗುಡಿಸುವುದು, ಊದುವುದು ಯಾವುದನ್ನೂ ಮಾಡದೆ ಪರಿಣತರನ್ನು ಕರೆಯಿರಿ. ಇನ್ನು ಪರೀಕ್ಷೆಗಾಗಲಿ ಶುಚಿಗಾಗಲಿ ಬ್ಲೀಚಿಂಗ್ ದ್ರಾವಣವನ್ನೂ ವಿನೆಗರ್ ಅಥವಾ ಬೇರೆ ಆಮ್ಲವನ್ನೂ ಒಂದೇ ಜಾಗದಲ್ಲಿ ಬಳಸಬಾರದು. ಹೊರಬರುವ ಕ್ಲೋರಿನ್ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣಾಂತಕ.

ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವುದು ಯಾವಾಗ, ಹೇಗೆ?

ಕಲ್ಲು ಉದುರುತ್ತಿದ್ದರೆ, ಕಟ್ಟಡ ಪುರಾತನವಾಗಿದ್ದರೆ ಅಥವಾ ಗೋಡೆಯ ಮೇಲೆ ಚಿತ್ರಗಳಿದ್ದರೆ ಕಳುಹಿಸಲೇಬೇಕು. ಖನಿಜವನ್ನು ಖಚಿತವಾಗಿ ಹೇಳುವುದು ಕ್ಷ-ಕಿರಣ ವಿವರ್ತನೆ, ಯಾವ ಅಯಾನು ಎಷ್ಟಿದೆ ಎಂದು ಹೇಳುವುದು ಅಯಾನು ಕ್ರೊಮ್ಯಾಟೋಗ್ರಫಿ. ಎರಡೂ ಬೇಕು, ಏಕೆಂದರೆ ಕೆಲವು ಖನಿಜಗಳು ದಾರಿಯಲ್ಲಿಯೇ ನೀರು ಕಳೆದುಕೊಂಡು ಬೇರೆಯಾಗಿರುತ್ತವೆ. ಮಾದರಿಯನ್ನು ತೆಗೆದೊಡನೆ ಸಣ್ಣ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ಸ್ಥಳ, ನೆಲದಿಂದ ಎತ್ತರ, ಆ ಹೊತ್ತಿನ ತಾಪಮಾನ ಮತ್ತು ಆರ್ದ್ರತೆಯನ್ನು ಬರೆದಿಡಬೇಕು. ತೆಗೆಯುವ ಮೊದಲು ದೀಪವನ್ನು ಗೋಡೆಗೆ ಓರೆಯಾಗಿ ಹಿಡಿದು ಓರೆ ಬೆಳಕಿನಲ್ಲಿ ಚಿತ್ರ ತೆಗೆಯುವುದನ್ನು ಬಿಡಬೇಡಿ. ನೇರ ಬೆಳಕಿನಲ್ಲಿ ಎಳೆಗಳ ರೂಪ ಕಾಣುವುದಿಲ್ಲ.

ಗುರುತಿಸಿದ ಮೇಲೆ ತೆಗೆದುಹಾಕುವುದು ಹೇಗೆ?

ಕರಗುವ ಲವಣವನ್ನು ಒಣ ಕುಂಚದಿಂದ ಉದುರಿಸಿ, ಗುಡಿಸಿ ಹೊರಗೆ ಹಾಕಬೇಕು. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಕಲ್ಲಿನೊಳಕ್ಕೆ ಹೋಗುತ್ತದೆ. ಆಮ್ಲದಿಂದ ತೊಳೆದರೆ ಆ ಆಮ್ಲವೇ ಹೊಸ ಲವಣವನ್ನು ಕೊಡುತ್ತದೆ, ಹೈಡ್ರೋಕ್ಲೋರಿಕ್ ಆಮ್ಲ ಬಳಸಿದ ಗೋಡೆಯಲ್ಲಿ ಅನಂತರ ಕ್ಲೋರೈಡು ಸಿಗುವುದು ಅದರಿಂದಲೇ. ನೀರು ಸೋಂಕದ ಬಣ್ಣ ಅಥವಾ ಸಿಮೆಂಟ್ ಗಿಲಾವಿನಿಂದ ಮುಚ್ಚುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ತೇವ ಹೊರಬರಲಾಗದೆ ಹೊದಿಕೆಯ ಹಿಂದೆಯೇ ನಿಂತು, ಹರಳುಗಳು ಕಲ್ಲಿನ ಮುಖದ ಒಳಗೆ ಬೆಳೆದು, ಕೊನೆಗೆ ಹೊದಿಕೆ ಕಲ್ಲಿನ ಪದರವನ್ನೂ ಕಿತ್ತುಕೊಂಡು ಬೀಳುತ್ತದೆ. ಯಂತ್ರದಿಂದ ಗಾಳಿಯನ್ನು ಏಕಾಏಕಿ ಒಣಗಿಸುವುದೂ ಅಷ್ಟೇ ಅಪಾಯಕಾರಿ, ಒಳಗಿದ್ದ ಲವಣವೆಲ್ಲ ಒಂದೇ ಸಲ ಹರಳುಗಟ್ಟುತ್ತದೆ.

ಮೊದಲು ನೀರಿನ ಮೂಲವನ್ನು ಸರಿಪಡಿಸಬೇಕು, ಅಂದರೆ ಹೊರಗಿನ ನೆಲದ ಇಳಿಜಾರು, ಮಳೆನೀರಿನ ಕೊಳವೆ, ಒಡೆದ ಚರಂಡಿ. ಅನಂತರ ಸುಣ್ಣ ಮತ್ತು ಮರಳಿನ ರಂಧ್ರಯುಕ್ತ ಗಿಲಾವನ್ನು ಹಚ್ಚಿ, ಉಳಿದ ಲವಣ ಕಲ್ಲಿನ ಬದಲು ಅದರಲ್ಲಿ ಬಂದು ಸೇರುವಂತೆ ಮಾಡಬಹುದು. ಅದು ತುಂಬಿ ಉದುರತೊಡಗಿದಾಗ ಕೆರೆದು ತೆಗೆದು ಹೊಸದನ್ನು ಹಚ್ಚಬೇಕು. ಗಟ್ಟಿಯಾದ ಕ್ಯಾಲ್ಸೈಟ್ ಹೆಪ್ಪು ಕಲ್ಲಿಗೆ ಕೇಡು ಮಾಡದೆ ಸುಮ್ಮನೆ ಅಂಟಿಕೊಂಡಿದ್ದರೆ, ಸೋರಿಕೆಯನ್ನು ನಿಲ್ಲಿಸಿದ ಮೇಲೆ ಅದನ್ನು ಹಾಗೆಯೇ ಬಿಡುವುದರಿಂದ ನಷ್ಟವೇನೂ ಇಲ್ಲ. ಉಳಿಯಿಂದ ಕೆತ್ತಿ ತೆಗೆಯಲು ಹೋದರೆ ಕೆಳಗಿನ ಕಲ್ಲಿನ ಮುಖವೂ ಅದರೊಂದಿಗೆ ಎದ್ದು ಬರುವುದುಂಟು.